ಟಿಣ್ ಮಾವನ ಕಿವಿ

ಪಿಂಗಾಣಿ ಕಾರ್ಖಾನೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಮ್ಯಾನೇಜರರಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರಿಗೂ ಅವರು ಟಿಣ್ ಮಾವ. ಭಟ್ಟಿಯಿಂದ ಇಳಿದು ಆರಿದ ಒಂದೊಂದು ಕಪ್ಪನ್ನೂ ಎಡಗೈಯ ಮೂರು ಬೆರಳ ತುದಿಯಲ್ಲಿ ನಿಲ್ಲಿಸಿ, ಮರದ ಕಡ್ಡಿಯಿಂದ ಅಂಚಿಗೆ ಮೆಲ್ಲನೆ ತಟ್ಟಿ, ನಾದ ಕೇಳುವುದು ಅವರ ಕೆಲಸ. ಗಟ್ಟಿ ಕಪ್ಪು ಟಿಣ್ ಎಂದು ಉದ್ದಕ್ಕೆ ಮೊಳಗುತ್ತದೆ. ಕಣ್ಣಿಗೆ ಕಾಣದಂಥ ಕೂದಲೆಳೆ ಬಿರುಕಿದ್ದರೂ ಸಾಕು, ದನಿ ಅರ್ಧಕ್ಕೇ ಕೂತುಬಿಡುತ್ತದೆ. ಮೂವತ್ತೊಂದು ವರ್ಷ ಅವರು ಒಡಕು ಎಂದದ್ದನ್ನು ಸರಿ ಎಂದು ವಾದಿಸಿದವರಿಲ್ಲ. ದೊಡ್ಡ ದೊಡ್ಡವರ ಮಾತೇ ಮೂರು ದಿನ ನಿಲ್ಲದ ಕಾಲದಲ್ಲಿ ಇದೇನು ಸಣ್ಣ ಸಂಗತಿಯೇ?

ನಿವೃತ್ತಿಗೆ ಎಂಟು ತಿಂಗಳಿರುವಾಗ ಅದೇ ಕೆಲಸಕ್ಕೆ ಯಂತ್ರ ಬಂತು. ಅದಕ್ಕೂ ಕಿವಿ ಇತ್ತು, ತಿಳಿವಳಿಕೆ ಮಾತ್ರ ಇರಲಿಲ್ಲ. ಅದನ್ನು ಮಾವನೇ ಕೊಡಬೇಕಿತ್ತು. ಜೊತೆಗೆ ಬಂದ ಇಂಜಿನಿಯರ್ ಹುಡುಗಿ ಅವರ ಮೇಜಿನ ಮೇಲೆ ಮೈಕು ನಿಲ್ಲಿಸಿದಳು. ಮೂರು ತಿಂಗಳು ಮಾವ ಕಪ್ಪು ತಟ್ಟಿ "ಸರಿ" ಅಥವಾ "ಒಡಕು" ಎನ್ನಬೇಕು, ಯಂತ್ರ ಕೇಳಿ ಕಲಿಯಬೇಕು. ತನ್ನ ಜಾಗಕ್ಕೆ ಬರುವವನಿಗೆ ತಾನೇ ಪಾಠ ಹೇಳುವುದೆಂದರೆ ಯಾರಿಗಾದರೂ ಹೊಟ್ಟೆ ಉರಿಯಬೇಕು. ಮಾವ ಹಿಗ್ಗಿಹೋದರು. "ನೀವು ಹೋದ್ರೂ ನಿಮ್ಮ ಕಿವಿ ಇಲ್ಲೇ ಇರುತ್ತೆ" ಎಂದು ಮ್ಯಾನೇಜರ್ ಆಡಿದ ಮಾತು ಅವರ ಎದೆಯಲ್ಲಿ ಕೂತುಬಿಟ್ಟಿತ್ತು. ಮಕ್ಕಳಿಲ್ಲದ ಮನುಷ್ಯ. ತನ್ನದು ಅಂತ ಏನೋ ಒಂದು ಉಳಿಯುತ್ತದಲ್ಲ ಎಂಬ ಆಸೆ.

ಅನುಮಾನ ಬಂದದ್ದು ಹೆಂಡತಿಗೆ ಮಾತ್ರ.

"ಫೋನು ಆಗ್ಲಿಂದ ಹೊಡ್ಕೋತಿದೆ, ಕೇಳಿಸ್ಲಿಲ್ವಾ?"

"ಕೇಳಿಸ್ತು. ನಿಂಗೇ ಇರ್ಬೇಕು ಅಂತ ಸುಮ್ನಿದ್ದೆ."

"ಒಂದ್ಸಲ ಡಾಕ್ಟ್ರಿಗೆ ತೋರಿಸ್ಬಾರ್ದಾ?"

"ಕಾರ್ಖಾನೆಗೆಲ್ಲ ಕಿವಿ ನಾನು. ನನ್ನ ಕಿವಿ ನೋಡೋಕೆ ಇನ್ನೊಬ್ಬ ಬೇಕಾ?"

ನಕ್ಕು ತೇಲಿಸಿಬಿಟ್ಟರು. ಆದರೆ ಮೇಜಿನ ಮುಂದೆ ಕೂತಾಗ ಕಪ್ಪು ದಿನದಿನಕ್ಕೆ ಕಿವಿಗೆ ಹತ್ತಿರವಾಗುತ್ತಿತ್ತು. ನಾದದ ಬಾಲ ಸಿಗದಿದ್ದರೆ ಬೆರಳಿಗೆ ತಾಗಿದ ಕಪ್ಪಿನ ಕಂಪನವನ್ನೇ ನಂಬುತ್ತಿದ್ದರು. ಅದೂ ಸಿಗದಿದ್ದರೆ ಹುಡುಗಿಯ ಮುಖ ನೋಡಿ "ಸರಿ" ಎನ್ನುತ್ತಿದ್ದರು. ಅವಳು ತಲೆಯಾಡಿಸಿ ಬರೆದುಕೊಳ್ಳುತ್ತಿದ್ದಳು. ಟಿಣ್ ಮಾವನ ಮೇಲೆ ಅವಳಿಗೂ ಅಷ್ಟು ನಂಬಿಕೆ.

ಯಂತ್ರ ಕೆಲಸಕ್ಕೆ ಇಳಿದು ತಿಂಗಳಾಗುವಷ್ಟರಲ್ಲಿ ಪೆಟ್ಟಿಗೆ ಪೆಟ್ಟಿಗೆ ಕಪ್ಪುಗಳು ವಾಪಸು ಬಂದವು. ಬಿಸಿ ಬಿಸಿ ಚಹಾ ಸುರಿದರೆ ಇಬ್ಭಾಗವಾಗುತ್ತಿದ್ದವಂತೆ. ಮ್ಯಾನೇಜರ್ ಎಲ್ಲರೆದುರೇ ಹುಡುಗಿಯ ಮೇಲೆ ಹರಿಹಾಯ್ದರು. ಶನಿವಾರದೊಳಗೆ ದೋಷ ಸಿಗದಿದ್ದರೆ ಅವಳು ಗಂಟುಮೂಟೆ ಕಟ್ಟಬೇಕು. ಅವಳು ಯಂತ್ರದ ಮೈಯೆಲ್ಲ ಬಿಚ್ಚಿ ಹರವಿ, ಊಟ ಬಿಟ್ಟು ಹುಡುಕಿದಳು. ಪಕ್ಕದ ಸ್ಟೂಲಿನಲ್ಲಿ ಕೂತು ಮಾವ ಅದನ್ನು ಮೂರು ದಿನ ನೋಡಿದರು. ದೋಷ ಎಲ್ಲಿದೆಯೆಂದು ಅವರಿಗೆ ಮೊದಲ ದಿನವೇ ಗೊತ್ತಾಗಿತ್ತು. ಬಾಯಿ ತೆರೆದರೆ ಮೂವತ್ತೊಂದು ವರ್ಷದ ಮಾತು ಮಣ್ಣುಪಾಲು. ತೆರೆಯದಿದ್ದರೆ ಈ ಹುಡುಗಿಯ ಅನ್ನಕ್ಕೆ ಕಲ್ಲು. ಮೂರು ದಿನ ತಡಮಾಡಿದ್ದು ಅವರ ತಪ್ಪು, ಅದನ್ನು ಮುಚ್ಚಿಡುವುದಿಲ್ಲ. ನಾವಾಗಿದ್ದರೆ ಶನಿವಾರವನ್ನೂ ದಾಟಿಸಿಬಿಡುತ್ತಿದ್ದೆವೇನೋ.

ಶುಕ್ರವಾರ ಮಧ್ಯಾಹ್ನ ಅವರು ಎದ್ದು ಅವಳ ಎದುರು ನಿಂತರು.

"ಯಂತ್ರಕ್ಕೇನೂ ಆಗಿಲ್ಲ, ಮಗಳೇ. ನಾನು ಹೇಳ್ಕೊಟ್ಟ ಹಾಗೇ ಕೇಳ್ತಿದೆ. ನಂಗೇ ಕೇಳಿಸ್ತಿರ್ಲಿಲ್ಲ."

ಹುಡುಗಿ ಸ್ಕ್ರೂಡ್ರೈವರ್ ಕೆಳಗಿಟ್ಟಳು. ಬೈಯಲಿಲ್ಲ. ಬೈದಿದ್ದರೆ ಮಾವನಿಗೆ ಎಷ್ಟೋ ಹಗುರವಾಗುತ್ತಿತ್ತು. ಕಂಪ್ಯೂಟರಿನ ಮುಂದೆ ಕೂತು, ಮೂರು ತಿಂಗಳ ದಾಖಲೆ ತೆರೆದು, ಅವರ ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಕೇಳಿದಳು.

"ಎಲ್ಲಾ ಅಳಿಸೋದು ಬೇಡ ಮಾವ. ಯಾವತ್ತಿಂದ ಕೇಳಿಸ್ತಿಲ್ಲ ಹೇಳಿ. ಅದಕ್ಕಿಂತ ಮುಂಚಿನದನ್ನ ಉಳಿಸ್ಕೋತೀನಿ."

ಮಾವ ನೆನಪಿಸಿಕೊಳ್ಳಲು ನೋಡಿದರು. ಹೋದ ತಿಂಗಳೇ? ಹೋದ ವರ್ಷವೇ? ಅದಕ್ಕೂ ಹಿಂದೆಯೇ? ಕಿವಿ ಹೋಗುವಾಗ ಹೇಳಿ ಹೋಗಿರಲಿಲ್ಲ. ಸರಿ ಎಂದು ದಾಟಿಸಿದ ಕಪ್ಪುಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಯಾವುದನ್ನೂ ಇದು ಖಂಡಿತ ಸರಿ ಎಂದು ಎತ್ತಿಡಲು ಅವರಿಂದ ಆಗಲಿಲ್ಲ.

"ಗೊತ್ತಿಲ್ಲಮ್ಮ," ಎಂದರು. "ಎಲ್ಲಾ ಅಳಿಸಿಬಿಡು."