ಬೂಟು ಬಿಚ್ಚಿ ಬೆಲೆ ಕಟ್ಟುವ ನಾಗವೇಣಿ

ಪರ್ತ್ ನಗರದ ಕ್ಯಾನಿಂಗ್ ವೇಲ್ ಬಡಾವಣೆಯಲ್ಲಿರುವ ನಮ್ಮ ನಾಗವೇಣಿ ಬಡಪೆಟ್ಟಿಗೆ ಬಗ್ಗುವ ಹೆಂಗಸಲ್ಲ. ಸಾಲ ಕೊಡುವ ಬ್ಯಾಂಕಿಗೆ ಮನೆಯ ಬೆಲೆ ಕಟ್ಟಿ ಹೇಳುವುದು ಆಕೆಯ ಕೆಲಸ, ಹದಿನಾಲ್ಕು ವರ್ಷವಾಯಿತು. ಮೈಸೂರಿನ ಒಂದು ಅಭ್ಯಾಸ ಮಾತ್ರ ಬಿಟ್ಟಿಲ್ಲ: ಯಾರ ಮನೆಗೆ ಹೋದರೂ ಹೊಸಿಲ ಹೊರಗೇ ಬೂಟು ಬಿಚ್ಚುತ್ತಾಳೆ. ಮನೆಯವರು ಬೇಡವೆಂದರೂ ಕೇಳುವುದಿಲ್ಲ. ಬರಿಗಾಲಲ್ಲಿ ಕೋಣೆ ಕೋಣೆ ಸುತ್ತುತ್ತಾಳೆ, ಒಂದು ಮನೆಗೆ ಅರ್ಧ ದಿನ!

ಬ್ಯಾಂಕು ಆಕೆಯನ್ನು ನೇರವಾಗಿ ಕರೆಯುವುದಿಲ್ಲ. ನಡುವೆ ಒಂದು ಕಂಪನಿಯಿದೆ. ಯಾವ ಮನೆಗೆ ಯಾರನ್ನು ಕಳಿಸಬೇಕೆಂದು ಆರಿಸುವುದು ಅದೇ. ಅಲ್ಲಿಗೆ ಹೊಸದಾಗಿ ಬಂದ ಮ್ಯಾನೇಜರ್ ಉತ್ತಮ್, ಬೆಂಗಳೂರಿನ ಹುಡುಗ, ಒಂದು ಬುಧವಾರ ಫೋನ್ ಮಾಡಿದ.

“ಆಂಟಿ, ಬೇಜಾರ್ ಮಾಡ್ಕೋಬೇಡಿ. ಬೇರೆಯವ್ರು ಅರ್ಧ ಫೀಸಿಗೆ, ಒಂದೇ ಗಂಟೇಲಿ ಮುಗಿಸ್ಕೊಡ್ತಾರೆ. ನೀವೂ ಇಳಿಸ್ಲಿಲ್ಲ ಅಂದ್ರೆ ಸೋಮವಾರದಿಂದ ನಿಮ್ ಹೆಸರು ಲಿಸ್ಟಲ್ಲಿ ಇರಲ್ಲ.”

“ಫೀಸ್ ಅರ್ಧ ಮಾಡಿದ್ರೆ ಮನೇನೂ ಅರ್ಧಾನೇ ನೋಡ್ಬೇಕಾಗತ್ತಪ್ಪ. ಅದು ನನ್ ಕೈಲಾಗಲ್ಲ.”

ಹೇಳುವಾಗ ದನಿ ಗಟ್ಟಿಯಿತ್ತು. ಫೋನಿಟ್ಟ ಮೇಲೆ ಚಿಂತೆ ಹತ್ತಿತು. ಐವತ್ತೆರಡನೇ ವಯಸ್ಸಿನಲ್ಲಿ ಮತ್ತೆ ಯಾರ ಬಾಗಿಲು ತಟ್ಟುವುದು?

ಶುಕ್ರವಾರ ಆಕೆಯ ಪಾಲಿಗೆ ಬಂದ ಕೊನೆಯ ಕೆಲಸ ಪಕ್ಕದ ಬಡಾವಣೆ ಥಾರ್ನ್ಲಿಯ ಒಂದು ಹಳೇ ಮನೆ. ಅಗ್ಗದವನೊಬ್ಬ ಆಗಲೇ ನೋಡಿ ಎಲ್ಲ ಚೆನ್ನಾಗಿದೆ ಎಂದು ಬರೆದಿದ್ದ. ಅವನು ಕಟ್ಟಿದ ಬೆಲೆ ಹೆಚ್ಚಾಯಿತೆಂದು ಬ್ಯಾಂಕಿಗೆ ಅನುಮಾನ ಬಂದು ಇನ್ನೊಮ್ಮೆ ನೋಡಿಸಲು ಹೇಳಿತ್ತು. ನಾಗವೇಣಿ ಬೂಟು ಬಿಚ್ಚಿ ಒಳಗೆ ಹೋದಳು. ಹೊಸ ಬಣ್ಣ, ಹೊಸ ಕಾರ್ಪೆಟ್, ಕಣ್ಣಿಗೆ ಹಬ್ಬ. ಹಿಂದಿನ ಕೋಣೆಯಲ್ಲಿ, ಗೋಡೆಯ ಪಕ್ಕ, ಅಂಗಾಲಡಿಯ ನೆಲ ಮೆತ್ತಗೆ ಜಗ್ಗಿತು. ಮನೆಯೊಡೆಯನನ್ನು ಕೇಳಿ ಕಾರ್ಪೆಟ್ಟಿನ ಮೂಲೆ ಎತ್ತಿದಳು. ಅಯ್ಯೋ ದೇವರೇ! ಗೆದ್ದಲು ಮರದ ಹಲಗೆಯನ್ನು ತಿಂದು ಹಪ್ಪಳ ಮಾಡಿಟ್ಟಿತ್ತು. ಫೋಟೋ ತೆಗೆದು ಅಂದೇ ವರದಿ ಕಳಿಸಿದಳು.

ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಮ್ಮನೆ ಅಲ್ಲ. ಸಂಜೆ ಉತ್ತಮ್ ಫೋನ್ ಮಾಡಿದಾಗ ಅವನ ಸ್ವರ ಇಳಿದುಹೋಗಿತ್ತು.

“ಆಂಟಿ, ಮೊದ್ಲು ನೋಡಿದವ್ನೂ ಅದೇ ರೂಮಲ್ಲಿ ಬೂಟು ಹಾಕ್ಕೊಂಡು ಓಡಾಡಿದಾನಂತೆ, ಏನೂ ಗೊತ್ತಾಗ್ಲಿಲ್ವಂತೆ. ಆ ಬೆಲೆಗೆ ಸಾಲ ಕೊಟ್ಬಿಟ್ಟಿದ್ರೆ ನಮ್ ಕಂಪನಿ ಕಥೆ ಮುಗೀತಿತ್ತು. ನಿಮ್ ಹೆಸರು ತೆಗೆಯೋ ಮಾತೇ ಇಲ್ಲ, ಫೀಸೂ ಹಾಗೇ ಇರತ್ತೆ. ಒಂದ್ ಸಹಾಯ ಮಾಡಿ, ನಮ್ಮ ಹೊಸಬರಿಗೆ ಕೆಲಸ ಕಲಿಸ್ಕೊಡಿ.”

“ಕಳ್ಸಪ್ಪ, ನೋಡೋಣ,” ಎಂದಳು. ಬಿಗುಮಾನವೇನೋ ಬಿಡಲಿಲ್ಲ, ಆದರೆ ಖುಷಿಗೆ ಕಣ್ಣು ತುಂಬಿಬಂತು.

ಆಕೆಯ ಹೆಸರು ಅಳಿಸಿಹೋಗಬೇಕಿದ್ದ ಸೋಮವಾರದ ಬೆಳಿಗ್ಗೆ ಒಂದು ಮನೆಯ ಬಾಗಿಲಲ್ಲಿ ಮೂವರು ಹೊಸಬರು ನಿಂತಿದ್ದರು. ಎಲ್ಲಿಂದ ಶುರು ಮಾಡಬೇಕೆಂದು ಒಬ್ಬಳು ಕೇಳಿದಳು. ನಾಗವೇಣಿ ತನ್ನ ಬೂಟನ್ನು ಹೊಸಿಲ ಹೊರಗೆ ಜೋಡಿಸಿಟ್ಟು, ತಲೆಯೆತ್ತಿ, ಅಪ್ಪಟ ಮೈಸೂರು ದನಿಯ ಇಂಗ್ಲಿಷಿನಲ್ಲಿ ಹೇಳಿದಳು: “ಮೊದಲು ಬೂಟು ಬಿಚ್ಚಿ.”