ಇಂಡಿಯ ಒಂಬತ್ತನೇ ತರಗತಿಯೂ ನನ್ನ ನಲವತ್ತು ನಿಮಿಷವೂ

"ಮಕ್ಕಳೇ, ಎಲ್ಲರಿಗೂ ತಿಂಡಿ ಆಯ್ತಾ?"

ಇಂಡಿ ತಾಲೂಕಿನ ಹೈಸ್ಕೂಲೊಂದರಲ್ಲಿ ಕನ್ನಡ ಶಿಕ್ಷಕಿಯಾಗಿ ನಾನಾಡಿದ ಮೊದಲ ಮಾತು ಇದು. ಒಂಬತ್ತನೇ ತರಗತಿ ಬೆಂಚು ಬಡಿದು ನಕ್ಕಿತು. ರೇಣುಕಾ ಎಂಬ ಹುಡುಗಿ ಮಾತ್ರ ಎದ್ದು ನಿಂತು ಗಂಭೀರವಾಗಿ ಹೇಳಿದಳು: "ನನಗ ಇಲ್ರಿ ಅಕ್ಕೋರ. ನಮ್ಮ ತಂಗಿಗೆ ಆಗೇತ್ರಿ, ಮುಲಾಮು ಹಚ್ಚೇವಿ."

ನಮ್ಮ ಮಂಡ್ಯದಲ್ಲಿ ತಿಂಡಿ ಎಂದರೆ ಇಡ್ಲಿ, ಇಲ್ಲಿ ತುರಿಕೆ. ಇಡ್ಲಿಗೆ ನಾಷ್ಟಾ ಅನ್ನಬೇಕು. ನನ್ನ ಪಾಠ ಯೋಜನೆಯಲ್ಲಿ 'ಪೀಠಿಕೆ: ಕುಶಲೋಪರಿ, ಐದು ನಿಮಿಷ' ಎಂದಿತ್ತು. ಕುಶಲೋಪರಿ ಮುಗಿಯುವ ಮೊದಲೇ ಗಂಟೆ ಹೊಡೆಯಿತು.

ಕೋಣೆ ಬಾಡಿಗೆಗೆ ಕೊಟ್ಟ ಶಾಂತಾಬಾಯಿಯವರ ಮಾತು ಮೊದಲೆರಡು ವಾರ ಜಗಳದಂತೆ ಕೇಳುತ್ತಿತ್ತು. "ಯಾಕ್ರಿ, ಉಣ್ಣವಲ್ರಿ? ಇನ್ನೊಂದು ಹಾಕ್ಕೋರಿ!" ಎಂದು ಗದರಿದಾಗಲೆಲ್ಲ ಹೆದರಿ ಇನ್ನೊಂದು ಜೋಳದ ರೊಟ್ಟಿ ತಿಂದೆ. ಅದು ಪ್ರೀತಿ ಎಂದು ತಿಳಿಯುವಷ್ಟರಲ್ಲಿ ಚೂಡಿದಾರಗಳು ಬಿಗಿಯಾಗಿದ್ದವು. ಭಾನುವಾರ ಸಂಜೆ ಮಾತ್ರ ಅಮ್ಮನಿಗೆ ಫೋನು ಮಾಡಿ, "ಕನ್ನಡ ಕಲಿಸೋಕೆ ಬಂದೋಳಿಗೆ ಕನ್ನಡವೇ ಬರಲ್ಲ ಕಣಮ್ಮ" ಎಂದು ಅತ್ತದ್ದುಂಟು.

ಅಷ್ಟರಲ್ಲಿ ನನ್ನ ಪಾಠ ನೋಡಲು ವಿಷಯ ಪರಿವೀಕ್ಷಕರು ಬರುತ್ತಾರೆಂದು ಸುದ್ದಿ ಬಂತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮೂರು ಬಣ್ಣದ ಶಾಯಿಯಲ್ಲಿ ಆರು ಪುಟದ ಯೋಜನೆ ಬರೆದು, ಹಿಂದಿ ಕಲಿಸುವ ಮಹಾದೇವಿ ಮೇಡಂಗೆ ತೋರಿಸಿದೆ. ತಾಳಿಕೋಟೆ ಕಡೆಯವರು, ಮುಲಾಜಿಲ್ಲದ ಹೆಂಗಸು.

"ನಲವತ್ತು ನಿಮಿಷದಾಗ ಮೂವತ್ತೈದು ನೀವಽ ಮಾತಾಡ್ತೀರಿ. ಹುಡುಗ್ರು ಏನ್ ಮಾಡಬೇಕ್ರಿ, ನಿದ್ದಿ?"

"ಮತ್ತೇನು ಬರೀಲಿ ಮೇಡಂ?"

"ಗಂಟಿ ಹೊಡಿಯೂದ್ರಾಗ ಅವ್ರಿಗೆ ಏನು ಬರಬೇಕು, ಅದೊಂದು ಬರೀರಿ. ಉಳಿದಿದ್ದು ಆಮ್ಯಾಲ."

ಆರು ಪುಟವನ್ನೂ ಹರಿದೆ. ಹೊಸ ಹಾಳೆಯ ಮೇಲೆ ಒಂದೇ ಗುರಿ: ಪ್ರತಿಯೊಬ್ಬರೂ ತಮಗೆ ನಿಜವಾಗಿ ಬೇಕಾದುದನ್ನು ಕೇಳಿ ಮನವಿ ಪತ್ರ ಬರೆಯಬೇಕು. ಮೊದಲು ಮನೆಮಾತಿನಲ್ಲಿ ಹೇಳುವುದು, ಆಮೇಲೆ ಬರವಣಿಗೆಯ ಕನ್ನಡಕ್ಕೆ ತಿರುಗಿಸುವುದು. ನನ್ನ ಮಾತಿಗೆ ಹತ್ತೇ ನಿಮಿಷ.

ಆ ದಿನ ಪರಿವೀಕ್ಷಕರೂ ಹೆಡ್‌ಮಾಸ್ತರರೂ ಹಿಂದಿನ ಬೆಂಚಿನಲ್ಲಿ ಕೂತರು. "ನಿಮಗೇನು ಬೇಕು, ಹೇಳಿ" ಎಂದೆ. ಎಲ್ಲರೂ ಹಿಂದಿನ ಬೆಂಚಿನತ್ತ ತಿರುಗಿ ನೋಡಿದರು. ಇದು ಯೋಜನೆಯಲ್ಲಿರಲಿಲ್ಲ. ಕೊನೆಗೆ ರೇಣುಕಾ ಎದ್ದಳು.

"ಖರೇ ಹೇಳ್ಲೇನ್ರಿ ಅಕ್ಕೋರ? ಮೈದಾನ ಬೇಕ್ರಿ. ದಿನಾ ಹುಡುಗ್ರಽ ಕ್ರಿಕೆಟ್ ಆಡ್ತಾರ. ನಾವು ಖೋ ಖೋ ಆಡಾಕ ಹೋದ್ರ ಹೆಡ್ ಸರ್ 'ಗಪ್ ಕೂಡ್ರಿ' ಅಂತಾರ."

ಹೆಡ್‌ಮಾಸ್ತರರು ಕಿಟಕಿಯಾಚೆ ನೋಡತೊಡಗಿದರು. ತರಗತಿಗೆ ಜೀವ ಬಂತು. 'ಗಪ್ ಕೂಡ್ರಿ ಅಂತಾರ' ಎಂಬುದನ್ನು ಪತ್ರದಲ್ಲಿ ಹೇಗೆ ಬರೆಯುವುದು? "ಸುಮ್ಮನಿರಲು ಆಜ್ಞಾಪಿಸುತ್ತಾರೆ" ಎಂದಳೊಬ್ಬಳು. "ಮೌನವಾಗಿರಲು ವಿನಂತಿಸುತ್ತಾರೆ" ಎಂದ ಕ್ರಿಕೆಟ್ಟಿನ ನಾಯಕ. "ವಿನಂತಿ ಯಾವಾಗ ಮಾಡ್ಯಾರೋ!" ಎಂದು ರೇಣುಕಾ ಸಿಡಿದಳು. ಆ ಒಂದು ಕ್ರಿಯಾಪದದ ಮೇಲೆ ಹನ್ನೆರಡು ನಿಮಿಷ ಜಗಳವಾಯಿತು. ಕೊನೆಗೆ ಎಲ್ಲರೂ ತಲೆ ತಗ್ಗಿಸಿ ಬರೆದರು.

ಮೌಲ್ಯಮಾಪನ, ಮನೆಗೆಲಸ ಎರಡೂ ಉಳಿದು ಗಂಟೆ ಹೊಡೆಯಿತು. ಪರಿವೀಕ್ಷಕರು ರೇಣುಕಾಳ ಪತ್ರ ಓದಿ ಹೆಡ್‌ಮಾಸ್ತರರತ್ತ ಚಾಚಿದರು. "ಏನ್ರಿ ಸರ್, ಇದು ನಿಮ್ಮ ಹೆಸರಿಗೇ ಐತಿ." ಹೆಡ್‌ಮಾಸ್ತರರು ಪೆನ್ನು ತೆಗೆದು ಅದರ ಮೇಲೇ ಬರೆದರು: ಮಂಗಳವಾರ, ಶುಕ್ರವಾರ ಹುಡುಗಿಯರಿಗೆ.

ನನ್ನ ಯೋಜನೆಯ ಅಡಿಯಲ್ಲಿ ಪರಿವೀಕ್ಷಕರು ಬರೆದದ್ದು: 'ಯೋಜನೆ ಮುಗಿದಿಲ್ಲ. ಪಾಠ ಆಗಿದೆ.'

ಈ ಬೇಸಿಗೆಯಲ್ಲಿ ಮಂಡ್ಯಕ್ಕೆ ಹೋದಾಗ ಸಂತೆಯಲ್ಲಿ ಬಾಯಿತಪ್ಪಿ "ಉಳ್ಳಾಗಡ್ಡಿ ಹ್ಯಾಂಗ್ರಿ ಕಿಲೊ?" ಎಂದುಬಿಟ್ಟೆ. ಈರುಳ್ಳಿ ಮಾರುವಾಕೆ ಕಣ್ಣರಳಿಸಿ, "ಯಾವೂರವ್ವ ನಿಂದು?" ಎಂದಳು. ನಮ್ಮ ಮನೆ ಎರಡು ಬೀದಿ ಆಚೆಗಿತ್ತು. "ಇಂಡಿ" ಎಂದೆ. ಅಷ್ಟು ದೂರದಿಂದ ಬಂದವಳೆಂದು ಆಕೆ ಒಂದು ಹಿಡಿ ಹೆಚ್ಚಿಗೆ ಹಾಕಿದಳು. ಸುಳ್ಳು ಹೇಳಿದೆನೋ ನಿಜ ಹೇಳಿದೆನೋ ತಿಳಿಯದೆ, ಆಕೆಯ ಕಣ್ಣಿಗೆ ಬೀಳದಂತೆ ಸುತ್ತಿ ಬಳಸಿ ಮನೆ ಸೇರಿದೆ.