ದೊಡ್ಡವ್ವನ ಗದ್ದದ ಧೂಳು

ಧೂಳಂತೆ! ನಮ್ಮ ದೊಡ್ಡವ್ವನ ಗದ್ದದ ಮೇಲಿದ್ದ ಮೂರು ಹಚ್ಚೆಯ ಚುಕ್ಕಿಗಳನ್ನು ಕೊಳ್ಳೇಗಾಲದ ಸ್ಟುಡಿಯೊದವನೊಬ್ಬ ಧೂಳು ಎಂದುಕೊಂಡು ಅಳಿಸಿಹಾಕಿದ. ಈಗ ನೆನೆದರೂ ಮೈ ಉರಿಯುತ್ತದೆ.

ನಾನು ಹನೂರಿನಲ್ಲಿ ಮೇಷ್ಟರು. ಜೇಬಿನಲ್ಲಿ ಹಿಡಿಯುವಂಥ ಒಂದು ಪುಟ್ಟ ರೀಲು ಕ್ಯಾಮೆರಾ ಇಟ್ಟುಕೊಂಡಿದ್ದೇನೆ. ಕೈಯಲ್ಲೇ ಮೊಬೈಲ್ ಇರುವಾಗ ಇದ್ಯಾವ ಹುಚ್ಚು ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಕಿಚಾಯಿಸುತ್ತಾರೆ. ರೀಲನ್ನು ಮೈಸೂರಿಗೆ ಕಳಿಸಿ ತೊಳೆಸಬೇಕು, ನೆಗೆಟಿವ್ ಬಂದ ಮೇಲೆ ಎಲ್ಲಾದರೂ ಸ್ಕ್ಯಾನ್ ಮಾಡಿಸಬೇಕು. ಅಷ್ಟರಲ್ಲಿ ಏನು ತೆಗೆದಿದ್ದೆ ಎಂಬುದೇ ಮರೆತುಹೋಗಿರುತ್ತದೆ. ಮರೆತದ್ದು ಮತ್ತೆ ಕಣ್ಣಿಗೆ ಬೀಳುತ್ತದಲ್ಲ, ಅದಕ್ಕಾಗಿಯೇ ನಾನು ಆ ಕ್ಯಾಮೆರಾ ಬಿಟ್ಟಿಲ್ಲ.

ದೊಡ್ಡವ್ವ, ಅಂದರೆ ನಮ್ಮವ್ವನ ಅಕ್ಕ, ಇದ್ದದ್ದು ಕಾಮಗೆರೆಯಲ್ಲಿ. ಯಾರಾದರೂ ಮೊಬೈಲ್ ಎತ್ತಿದರೆ ಸಾಕು, ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಆಧಾರ್ ಕಾರ್ಡಿನಲ್ಲಿ ಒಂದು ಫೋಟೋ ಇತ್ತು ನಿಜ, ಆದರೆ ಅದು ತನ್ನದೇ ಎಂದು ಅವಳೇ ಒಪ್ಪುತ್ತಿರಲಿಲ್ಲ. ಒಂದು ದಿನ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ನನ್ನ ಕ್ಯಾಮೆರಾ ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದ್ರಲ್ಲಿ ಏನೂ ಕಾಣಾಕಿಲ್ವಲ್ಲಾ?"

"ಈಗ ಕಾಣಲ್ಲ ದೊಡ್ಡವ್ವ. ತೊಳೆಸ್ಬೇಕು."

"ಅಂಗಾರೆ ತಗಿ. ಆ ಮೊಬೈಲಲ್ಲಿ ತೆಗ್ದೇಟ್ಗೆ ಎಲ್ರೂ ಮುತ್ಕಂಡು ನೋಡಿ ನಗ್ತಾವೆ. ನಂಗ್ ಆಗಾಕಿಲ್ಲ."

ಒಂದೇ ಒಂದು ತೆಗೆದೆ. ಅರ್ಧ ನಗು, ಮಡಿಲ ತುಂಬ ಅವರೆಕಾಯಿ ಸಿಪ್ಪೆ, ಗದ್ದದ ಮೇಲೆ ಸಾಲಾಗಿ ಮೂರು ಹಸಿರು ಚುಕ್ಕಿ.

ಬೇಸಿಗೆ ಕಾಲಿಡುವಷ್ಟರಲ್ಲಿ ಅವಳು ತೀರಿಕೊಂಡಳು. ಅವಳ ಮಗ, ನನಗೆ ಅಣ್ಣನಾಗಬೇಕು, ಪಟ ಮಾಡಿಸಲು ಫೋಟೋ ಕೇಳಿದ. ಅಷ್ಟರಲ್ಲಿ ಮೈಸೂರಿನಿಂದ ತೊಳೆದು ಬಂದಿದ್ದ ನೆಗೆಟಿವನ್ನು ನಾನೇ ಒಯ್ದು ಕೊಳ್ಳೇಗಾಲದ ಸ್ಟುಡಿಯೊದಲ್ಲಿ ಕೊಟ್ಟೆ. ಇರುವುದನ್ನು ಇರುವ ಹಾಗೆಯೇ ಸ್ಕ್ಯಾನ್ ಮಾಡಿ ದೊಡ್ಡದು ಮಾಡಿ ಎಂದು ಎರಡೆರಡು ಸಲ ಹೇಳಿ ಬಂದೆ. ಪಟವನ್ನು ಅಣ್ಣ ಹೋಗಿ ತಂದ.

ಸಮಾಧಿಗೆ ಹಾಲುತುಪ್ಪ ಬಿಡುವ ದಿನ, ಮಧುವನಹಳ್ಳಿಯ ನಮ್ಮ ಮನೆಯಿಂದ ಅವ್ವನನ್ನು ಕಾಮಗೆರೆಗೆ ಕರೆದುಕೊಂಡು ಹೋದೆ. ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಯಾವಳೋ ಬೆಳ್ಳಗಿನವಳು ಕೂತಿದ್ದಳು. ಹಿಂದೆ ನೀಲಿ ಆಕಾಶ. ಮುಖದಲ್ಲಿ ಒಂದು ಸುಕ್ಕಿಲ್ಲ. ಅವರೆಕಾಯಿಯೂ ಇಲ್ಲ, ಜಗಲಿಯೂ ಇಲ್ಲ. ಗಣಪತಿ ಮಾಡು ಅಂದರೆ ಅವರಪ್ಪನನ್ನು ಮಾಡಿಟ್ಟಿದ್ದ ಪುಣ್ಯಾತ್ಮ.

ಅವ್ವ ಪಟದ ಹತ್ತಿರ ಹೋಗಿ, ಗಾಜಿನ ಮೇಲೆ ಗದ್ದದ ಜಾಗದಲ್ಲಿ ಬೆರಳಾಡಿಸಿದಳು. ತನ್ನ ಗದ್ದವನ್ನೂ ಮುಟ್ಟಿಕೊಂಡಳು. ಅವಳಿಗೂ ಅಲ್ಲಿ ಅಂಥವೇ ಮೂರು ಚುಕ್ಕಿಗಳಿವೆ. ಹುಡುಗಿಯರಾಗಿದ್ದಾಗ ಅಕ್ಕ ತಂಗಿ ಒಂದೇ ದಿನ, ಒಬ್ಬಳ ಕೈ ಒಬ್ಬಳು ಹಿಡಿದು ಕೂತು ಹಾಕಿಸಿಕೊಂಡದ್ದು. ಒಡವೆ ವಸ್ತ್ರ ಎಲ್ಲ ಇಲ್ಲೇ ಬಿಟ್ಟುಹೋಗಬೇಕು, ಸತ್ತಾಗ ಮೈಜೊತೆ ಬರುವುದು ಹಚ್ಚೆ ಒಂದೇ ಎಂದು ನಮ್ಮ ಕಡೆಯ ಹೆಂಗಸರು ಹೇಳುತ್ತಾರೆ.

"ಇವ್ಳು ನಮ್ಮಕ್ಕ ಅಲ್ಲ" ಎಂದಳು ಅವ್ವ.

"ಎಷ್ಟು ಲಕ್ಷಣವಾಗವ್ಳೆ, ಅದ್ಕೇನಾಗದೆ?" ಎಂದರು ನೆಂಟರಲ್ಲೊಬ್ಬರು. ಪಟ ಇಳಿಸು ಎಂದು ನಾನೆಂದರೆ ಅಣ್ಣ ಕೇಳಲಿಲ್ಲ. "ಪೂಜೆ ಆಗೋಯ್ತು ಕಣ್ಲಾ. ತಿಥಿ ಮುಗಿಯೋಗಂಟ ಪಟ ಇಳಿಸ್ಬಾರ್ದು." ಅಂದರೆ ಯಾವಳದೋ ಮುಖಕ್ಕೆ ಅಷ್ಟೂ ದಿನ ದೀಪ, ಊದುಬತ್ತಿ, ಎಡೆ! ನನಗೆ ಸಿಟ್ಟು ನೆತ್ತಿಗೇರಿತು.

ಮಾರನೆಯ ದಿನ ಸ್ಟುಡಿಯೊ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ನಿಂತೆ. ಅವನು ಕಂಪ್ಯೂಟರಿನಿಂದ ಕಣ್ಣು ಕೀಳದೆ ಹೇಳಿದ, "ನೆಗೆಟಿವ್ ಮ್ಯಾಲೆ ಧೂಳು ಕೂತಿತ್ತು ಸಾ. ಕ್ಲೀನ್ ಮಾಡಿವ್ನಿ."

"ನೆಗೆಟಿವ್ ಮೇಲಿನ ಧೂಳು ಪ್ರಿಂಟಲ್ಲಿ ಬೆಳ್ಳಗೆ ಬೀಳುತ್ತೆ ಕಣಯ್ಯ, ಕಪ್ಪಗಲ್ಲ! ಸ್ಟುಡಿಯೊ ಇಟ್ಟವನಿಗೆ ಇಷ್ಟು ಗೊತ್ತಿಲ್ವಾ? ಅದೂ ಅಳೆದು ಇಟ್ಟ ಹಾಗೆ ಗದ್ದದ ಮೇಲೇ ಸಾಲಾಗಿ ಬೀಳುತ್ತಾ ಧೂಳು?"

"ಸತ್ತೋರ್ ಪಟ ಅಲ್ವಾ ಸಾ, ನೋಡಾಕೆ ಚೆಂದಾಗಿರ್ಲಿ ಅಂತ. ಬೆಳ್ಳಗೂ ಮಾಡಿವ್ನಿ, ಅದ್ಕೆ ಎಕ್ಸ್‌ಟ್ರಾ ಕೇಳಿಲ್ಲ."

ಬಿಸಿಲಲ್ಲಿ ಕಳೆ ಕಿತ್ತು ಕಪ್ಪಾದ ಮುಖ ಅದು. ಅದನ್ನು ಬೆಳ್ಳಗೆ ಮಾಡು ಎಂದು ಇವನಿಗೆ ಯಾರು ಹೇಳಿದರು? ಬದುಕಿದ್ದಾಗ ಚೆಂದವಿಲ್ಲ ಎಂದು ಯಾರೂ ಅವಳನ್ನು ದೂರಲಿಲ್ಲ, ಸತ್ತ ಮೇಲೆ ಇವನಿಗೆ ಕಡಿಮೆಯಾಗಿ ಕಂಡಿತು. ನಾನು ಕೂಗಾಡಿದ್ದಕ್ಕೆ ಪಕ್ಕದ ಜೆರಾಕ್ಸ್ ಅಂಗಡಿಯವರೂ ಎದ್ದು ಬಂದರು. ನೆಗೆಟಿವ್ ಇಸಿದುಕೊಂಡು ಹೊರಟೆ.

ಯಳಂದೂರಿನಲ್ಲಿ ಗೆಳೆಯನೊಬ್ಬನ ಮನೆಯಲ್ಲಿ ನೆಗೆಟಿವ್ ಹಿಡಿಯುವ ಸ್ಕ್ಯಾನರ್ ಇದೆ. ಊದುವ ರಬ್ಬರ್ ಬುರುಡೆಯಿಂದ ಗಾಳಿ ಬಿಟ್ಟು, ಇದ್ದ ನಿಜವಾದ ಧೂಳನ್ನು ಹಾರಿಸಿ, ನಾವಿಬ್ಬರೇ ಕೂತು ಸ್ಕ್ಯಾನ್ ಮಾಡಿದೆವು. ಪರದೆಯ ಮೇಲೆ ಮೇಲಿನಿಂದ ಕೆಳಕ್ಕೆ ಹಣೆ ಬಂತು, ಮೂಗು ಬಂತು, ಆ ಅರ್ಧ ನಗು ಬಂತು, ಆಮೇಲೆ ಆ ಮೂರು ಚುಕ್ಕಿ. ನನಗೆ ಅಳು ತಡೆಯಲಾಗಲಿಲ್ಲ. ಗೆಳೆಯ ಟೀ ಮಾಡುತ್ತೇನೆಂದು ಒಳಗೆ ಹೋದ.

ತಿಥಿಯ ದಿನ ಹೊಸ ಪಟವನ್ನು ಟವೆಲಿನಲ್ಲಿ ಸುತ್ತಿಕೊಂಡು ಕಾಮಗೆರೆಗೆ ಹೋದೆ. ಹಳೆಯ ಪಟ ಗೋಡೆಯಲ್ಲೇ ಇತ್ತು. ಅದರ ಕೆಳಗೆ ಬಾಳೆಯೆಲೆಯಲ್ಲಿ ಮುದ್ದೆ, ಸಾರು, ಪಾಯಸ, ಅವಳ ಪ್ರಾಣವಾಗಿದ್ದ ಹೊಗೆಸೊಪ್ಪು, ಎಲ್ಲವನ್ನೂ ಎಡೆ ಇಟ್ಟಿದ್ದರು. ಕರ್ಪೂರ ಹಚ್ಚಿ ಒಬ್ಬೊಬ್ಬರೇ ಅಡ್ಡಬಿದ್ದರು. ಅವ್ವನ ಸರದಿ ಬಂತು. ಅವಳು ಬಗ್ಗಲಿಲ್ಲ.

ನನ್ನ ಕೈಯಿಂದ ಟವೆಲಿನ ಗಂಟನ್ನು ತೆಗೆದುಕೊಂಡು ಬಿಚ್ಚಿದಳು. ದೊಡ್ಡವ್ವನನ್ನು ನೋಡಿದಳು. ಪಟವನ್ನು ಎದುರು ಗೋಡೆಗೆ ಒರಗಿಸಿಟ್ಟು ಬಂದು, ಎಡೆಯ ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೆಲದ ಮೇಲೆ ಮೆಲ್ಲಗೆ ಆ ಕಡೆಗೆ ಎಳೆಯತೊಡಗಿದಳು.

"ಇಟ್ಟ ಎಡೆ ಅಲ್ಲಾಡಿಸ್ಬಾರ್ದು ಕಣ್ ಚಿಕ್ಕವ್ವ!" ಅಣ್ಣ ಕೂಗಿದ.

ಅವ್ವ ನಿಲ್ಲಿಸಲಿಲ್ಲ. ಎಲೆಯನ್ನು ಅಕ್ಕನ ಮುಂದೆ ಸರಿಯಾಗಿ ತಿರುಗಿಸಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಹೇಳಿದಳು.

"ಇಷ್ಟ್ ದಿನ ಯಾವಳ್ಗೋ ಉಣ್ಣಾಕಿಕ್ಕಿದ್ರಿ. ನಮ್ಮಕ್ಕ ಅಸ್ಕಂಡವ್ಳೆ."